ನದಿಯ ಬಾಯಲ್ಲಿದ್ದ ಕಲ್ಲು

ಸಿಂಗಪುರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಶಾಸನ ಕೊರೆದ ಒಂದು ಮರಳುಗಲ್ಲಿನ ತುಂಡಿನ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ, ಮಗಳು ಎರಡು ಕೋಣೆ ಸುತ್ತಿ ವಾಪಸು ಬಂದಳು. "ಓದಿ ಆಯಿತೇ?" ಎಂದಳು. ದುಂಡಗಿನ ಅಕ್ಷರ ಕಂಡರೆ ನಮ್ಮದಿರಬಹುದೇ ಎಂದು ತಡಕುವ ಚಪಲ ನನ್ನದು. ಈ ಲಿಪಿಯನ್ನು ಜಾವಾದ 'ಕವಿ' ಎಂಬ ಹಳೆಯ ಲಿಪಿಗೆ ಹತ್ತಿರದ್ದು ಎನ್ನುತ್ತಾರೆ. ಅದರ ಮೂಲ ಪಲ್ಲವರ ಲಿಪಿ. ಹಾಗಾಗಿ ದಾಯಾದಿ ಸಂಬಂಧವೇನೋ ಉಂಟು. ಆದರೆ ಇದನ್ನು ಇಂದಿನವರೆಗೂ ಯಾರಿಗೂ ಖಚಿತವಾಗಿ ಓದಲಾಗಿಲ್ಲ.

ಇದು ಇಡಿಯಾಗಿ ನಿಂತಿದ್ದ ಕಾಲವೂ ಒಂದಿತ್ತು. 1819ರಲ್ಲಿ ಸಿಂಗಪುರ ನದಿ ಕಡಲು ಸೇರುವ ಬಾಯಲ್ಲಿ ಕಾಡು ಕಡಿಯುತ್ತಿದ್ದವರಿಗೆ ಸಿಕ್ಕಾಗ ಇದು ಸುಮಾರು ಮೂರು ಮೀಟರ್ ಎತ್ತರದ ಬಂಡೆ, ಅದರ ಮೇಲೆ ಐವತ್ತರಷ್ಟು ಸಾಲುಗಳು. ಬ್ಲಾಂಡ್ ಎಂಬ ವೈದ್ಯ ಮೆತ್ತಗೆ ಕಲಸಿದ ಹಿಟ್ಟಿನ ಕಣಕವನ್ನು ಬಂಡೆಗೆ ಒತ್ತಿ ಅಕ್ಷರಗಳ ಅಚ್ಚು ತೆಗೆದ. 1843ರಲ್ಲಿ ನದಿಯ ಬಾಯಿ ಅಗಲಿಸಬೇಕೆಂದು ಅದೇ ಬಂಡೆಗೆ ಮದ್ದಿಟ್ಟು ಸಿಡಿಸಿದರು. ಉಳಿದ ಒಂದು ಚೂರು ಖಜಾನೆಯ ಜಗಲಿಯಲ್ಲಿ ಕಾವಲಿನ ಸಿಪಾಯಿಗಳಿಗೆ ಆಸನವಾಯಿತು. ಕೂತು ಕೂತೇ ಅಕ್ಷರ ಸವೆದವು. ಬೈಯಲು ಬಾಯಿ ತೆರೆದವನು ಸುಮ್ಮನಾದೆ. ವೀರಗಲ್ಲಿನ ಮೇಲೆ ಬಟ್ಟೆ ಒಗೆಯುವುದನ್ನು ನೋಡುತ್ತ ಬೆಳೆದವನು ನಾನು.

ಮಲಯ ಅರಸರ ವೃತ್ತಾಂತವಾದ 'ಸೆಜಾರಾ ಮೆಲಾಯು' ಒಂದು ಕಲ್ಲಿನ ಕಥೆ ಹೇಳುತ್ತದೆ. ಬದಾಂಗ್ ಎಂಬ ಜಟ್ಟಿಯನ್ನು ಸೋಲಿಸಲು ಕ್ಲಿಂಗ್ ದೇಶದಿಂದ, ಅಂದರೆ ನಮ್ಮ ಕಡೆಯಿಂದಲೇ, ಒಬ್ಬ ಪೈಲ್ವಾನ ಬಂದನಂತೆ. ಸೋತರೆ ಏಳು ಹಡಗಿನ ಸರಕು ಪಣ. ಅವನು ಬಂಡೆಯನ್ನು ಮೊಣಕಾಲಿನವರೆಗೆ ಎತ್ತಿ ಕೈಬಿಟ್ಟ. ಬದಾಂಗ್ ಅದನ್ನು ನದಿಯ ಬಾಯಿಗೇ ಎಸೆದ. ಆ ಬಂಡೆಯೇ ಈ ಶಾಸನದ ಕಲ್ಲು ಎಂದು ನಂಬಿದವರಿದ್ದಾರೆ. ನಮ್ಮವನು ಸೋತ ಕಥೆಯಾದರೂ ನನಗೆ ಹಿಡಿಸಿತು.

ಪಕ್ಕದಲ್ಲೇ ಇರುವ ಫೋರ್ಟ್ ಕ್ಯಾನಿಂಗ್ ಗುಡ್ಡ ಹತ್ತಿದೆವು. ಮಲಯರಿಗೆ ಇದು ಬುಕಿತ್ ಲಾರಂಗನ್, ನಿಷಿದ್ಧ ಗುಡ್ಡ. ಹಳೆಯ ಅರಸರು ಇಲ್ಲಿದ್ದರೆಂದು ಜನ ಕಾಲಿಡುತ್ತಿರಲಿಲ್ಲ. 1928ರಲ್ಲಿ ಜಲಾಶಯಕ್ಕಾಗಿ ನೆಲ ಅಗೆಯುವಾಗ ಇಲ್ಲಿ ಚಿನ್ನದ ಒಡವೆಗಳು ಸಿಕ್ಕವು. ಬೆಳಿಗ್ಗೆ ಮ್ಯೂಸಿಯಮ್ಮಿನಲ್ಲಿ ಅವುಗಳಲ್ಲೊಂದಾದ ತೋಳಬಂದಿಯನ್ನು ನೋಡಿದ್ದೆ: ನಡುವೆ ಉಬ್ಬು ಕೆಲಸದ ಕಾಲಮುಖ, ಗುಡ್ಡೆಗಣ್ಣು. ನಮ್ಮ ದೇವಸ್ಥಾನದ ಬಾಗಿಲ ಮೇಲಿನ ಕೀರ್ತಿಮುಖ ಇಷ್ಟು ಚಿಕ್ಕದಾಗಿ ಯಾರದೋ ತೋಳಿಗೇರಿದೆ. ಕೆಲಸಗಾರಿಕೆ ಮಾತ್ರ ಜಾವಾದ ಶೈಲಿಯದು. 1984ರಲ್ಲಿ ಪುರಾತತ್ತ್ವಜ್ಞ ಜಾನ್ ಮಿಕ್ಸಿಕ್ ಇಲ್ಲಿ ಉತ್ಖನನ ಆರಂಭಿಸಿದ ಮೇಲೆ ಹದಿನಾಲ್ಕನೆಯ ಶತಮಾನದ ಚೀನೀ ಪಿಂಗಾಣಿ, ಗಾಜಿನ ಮಣಿ, ಮಡಕೆ ಚೂರುಗಳು ಸಿಕ್ಕವು. ಬ್ರಿಟಿಷ್ ವಸಾಹತು ಹೂಡಿದ ರ‍್ಯಾಫಲ್ಸ್ ಬಂದಿಳಿದಾಗ ಇದು ಬರೀ ಬೆಸ್ತರ ಹಳ್ಳಿ ಎಂಬ ಕಥೆಗೆ ಆ ಚೂರುಗಳೇ ಸಾಕಷ್ಟು ಉತ್ತರ.

ಅದೇ ಶತಮಾನದಲ್ಲಿ ಇತ್ತ ಬಂದಿದ್ದ ಚೀನೀ ವರ್ತಕ ವಾಂಗ್ ದಾಯುವಾನ್ ಕಡಲ್ಗಳ್ಳರ ಬಗ್ಗೆ ಬರೆದಿದ್ದಾನೆ. ಪಶ್ಚಿಮಕ್ಕೆ ಹೋಗುವ ಹಡಗನ್ನು ಅವರು ಮುಟ್ಟುತ್ತಿರಲಿಲ್ಲವಂತೆ. ಸರಕು ತುಂಬಿಕೊಂಡು ಮರಳುವಾಗ ಇನ್ನೂರು ಮುನ್ನೂರು ದೋಣಿಗಳಲ್ಲಿ ಮುತ್ತುತ್ತಿದ್ದರಂತೆ. ಕಳ್ಳರಾದರೂ ವ್ಯಾಪಾರ ಬಲ್ಲವರು. ಕಾಯಲು ಕಳ್ಳರಿದ್ದರೆಂದರೆ ಹಾಯುವ ಹಡಗುಗಳೂ ಅಷ್ಟೇ ಇದ್ದವೆಂದಾಯಿತು.

ಸಂಜೆ ನದಿಯ ಬಾಯಿಗೆ ಬಂದೆವು. ಕಲ್ಲು ನಿಂತಿದ್ದ ಆಸುಪಾಸಿನಲ್ಲಿ ಈಗ ಫುಲರ್ಟನ್ ಹೋಟೆಲ್. ಮೀನಿನ ಮೈಯ ಸಿಂಹ ನೀರು ಉಗುಳುತ್ತಿತ್ತು. ಜನ ಅದರ ಮುಂದೆ ಫೋಟೊಕ್ಕೆ ಸಾಲು ನಿಂತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ಬೆಳಗಿನ ಕಲ್ಲಿನ ಚಿತ್ರವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿದೆ. ಒಂದು ಸಾಲಿನಲ್ಲಿ 'ಸ' ಇದ್ದಂತೆ ಕಂಡಿತು. ಮಗಳಿಗೆ ತೋರಿಸಿದೆ. ಅವಳು ಮೊಬೈಲನ್ನು ತಿರುಗಿಸಿ ಹಿಡಿದಳು. ಅಷ್ಟಕ್ಕೇ ಅದು 'ಸ' ಆಗಿ ಉಳಿಯಲಿಲ್ಲ.