ಬಲಗಿವಿಗೆ ಪರೀಕ್ಷೆ, ಎಡಗಿವಿಯ ಉತ್ತರ

17 ಅಕ್ಟೋಬರ್ 2024, ಗುರುವಾರ

ನನ್ನದು ಎಯುಡಿ (ಡಾಕ್ಟರ್ ಆಫ್ ಆಡಿಯಾಲಜಿ) ಎರಡನೇ ವರ್ಷ. ಅಮೆರಿಕದಲ್ಲಿ ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷಿಸುವ ತಜ್ಞೆ, ಆಗಬೇಕಾದರೆ ಡಿಗ್ರಿ ಮುಗಿಸಿ, ಸಾಮಾನ್ಯವಾಗಿ ನಾಲ್ಕು ವರ್ಷ ಈ ಕ್ಲಿನಿಕಲ್ ಡಾಕ್ಟರೇಟ್ ಓದಬೇಕು. ಕೊನೆಯ ವರ್ಷ ಪೂರ್ತಿ ಕ್ಲಿನಿಕ್‌ನಲ್ಲೇ. "ಬೀಪ್ ಕೇಳಿಸಿದರೆ ಬಟನ್ ಒತ್ತಿ ಅನ್ನೋದಕ್ಕೆ ಡಾಕ್ಟರೇಟ್ ಬೇಕಾ?" ಅಂತ ಜನ ಕೇಳುತ್ತಾರೆ. ಇವತ್ತು ನೋಡಿದ ಕೇಸನ್ನು ಅವರಿಗೆ ಹೇಳಬೇಕು ಅನ್ನಿಸಿತು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಮಧ್ಯವಯಸ್ಸಿನ ಹೆಂಗಸು. ಚಿಕ್ಕಂದಿನಿಂದ ಬಲಗಿವಿ ಮಂದ ಅಂದರು. ಎಡಗಿವಿ ಚೆನ್ನಾಗಿತ್ತು. ಹೆಡ್‌ಫೋನ್ ಹಾಕಿ ಬಲಗಿವಿ ನೋಡಿದಾಗ 60 ಡೆಸಿಬೆಲ್ ಹತ್ತಿರ ಉತ್ತರ ಬಂತು. ಮಧ್ಯಕಿವಿಯನ್ನು ಬಿಟ್ಟು ಶಬ್ದವನ್ನು ಮೂಳೆಯ ಮೂಲಕ ಒಳಕಿವಿಗೆ ಮುಟ್ಟಿಸುವ ವೈಬ್ರೇಟರ್ ಅನ್ನು ಕಿವಿಯ ಹಿಂದೆ ಇಟ್ಟರೆ 5 ಡೆಸಿಬೆಲ್‌ಗೇ ಬಟನ್ ಒತ್ತಿದರು. ಆಡಿಯೋಗ್ರಾಮ್ (ಈ ಅಂಕಿಗಳ ನಕ್ಷೆ) ಇಷ್ಟನ್ನೇ ನೋಡಿದರೆ ಒಳಕಿವಿ ಸರಿಯಿದೆ, ತೊಂದರೆ ಮಧ್ಯಕಿವಿಯಲ್ಲಿದೆ ಅನ್ನಬೇಕು. ಆಪರೇಷನ್‌ನಿಂದ ಸರಿಹೋಗಬಹುದು ಅಂತ ಆಸೆ ಹುಟ್ಟಿಸುವ ಚಿತ್ರ ಅದು. ಆದರೆ ಗಾಳಿಯ ಒತ್ತಡ ಬದಲಿಸಿ ನೋಡುವ ಟಿಂಪನೋಮೆಟ್ರಿ ಪರೀಕ್ಷೆಯಲ್ಲಿ ಕಿವಿತಮಟೆ ಚೆನ್ನಾಗಿಯೇ ಅಲುಗಾಡುತ್ತಿತ್ತು. ಎರಡಕ್ಕೂ ತಾಳೆಯಾಗುತ್ತಿರಲಿಲ್ಲ.

ಇಲ್ಲಿ ಬರುವುದೇ ಮಾಸ್ಕಿಂಗ್. ಬಲಗಿವಿಗೆ ಕೊಟ್ಟ ಶಬ್ದ ಜೋರಾದಾಗ ತಲೆಬುರುಡೆಯ ಮೂಲಕ ಎಡ ಒಳಕಿವಿಗೂ ಮುಟ್ಟುತ್ತದೆ. ಮಾಮೂಲಿ ಹೆಡ್‌ಫೋನ್‌ನಲ್ಲಿ 40 ಡೆಸಿಬೆಲ್ ದಾಟಿದರೆ ಆ ಅನುಮಾನ ಇಟ್ಟುಕೊಳ್ಳಲೇಬೇಕು. ವೈಬ್ರೇಟರ್ ಆದರಂತೂ ಎಲ್ಲಿ ಇಟ್ಟರೂ ಎರಡೂ ಒಳಕಿವಿಗಳನ್ನು ಒಟ್ಟಿಗೇ ಅಲುಗಿಸುತ್ತದೆ. ಹಾಗಾಗಿ ಒಳ್ಳೆ ಕಿವಿಗೆ ಜೋರು ಮಳೆಯಂಥ ಸದ್ದು ಕೊಟ್ಟು ಅದನ್ನು ಕಟ್ಟಿಹಾಕುತ್ತೇವೆ. ಸದ್ದು ಹಂತಹಂತವಾಗಿ ಏರಿಸಿದರೂ ಬಲಗಿವಿಯ ಉತ್ತರ ಒಂದೇ ಮಟ್ಟದಲ್ಲಿ ನಿಂತರೆ ಅದು ಬಲಗಿವಿಯದ್ದೇ. ಹುಡ್ ಎಂಬುವರು 1960ರಲ್ಲಿ ವಿವರಿಸಿದ ಪ್ಲಾಟೋ (ಸಮತಟ್ಟು) ವಿಧಾನ ಇದು.

ಇವರದ್ದು ಎಲ್ಲೂ ನಿಲ್ಲಲಿಲ್ಲ. ನಾನು 10 ಏರಿಸಿದರೆ ಉತ್ತರವೂ 10 ಏರಿತು. ಮತ್ತೆ ಏರಿಸಿದೆ, ಮತ್ತೆ ಏರಿತು. ಕೊನೆಗೆ ಯಂತ್ರದ ಮಿತಿ ಬಂದರೂ ಬಟನ್ ಒತ್ತಲಿಲ್ಲ. ಅಷ್ಟು ಹೊತ್ತೂ ಉತ್ತರಿಸುತ್ತಿದ್ದದ್ದು ಎಡಗಿವಿ. ಬಲಗಿವಿಗೆ ಏನೂ ಕೇಳುತ್ತಿರಲಿಲ್ಲ.

ಆಮೇಲೆ ಕೇಳಿದರೆ, ಚಿಕ್ಕವರಿದ್ದಾಗ ಮಂಗನಬಾವು ಆಗಿತ್ತಂತೆ. ಒಂದೇ ಕಿವಿ ಪೂರ್ತಿ ಹೋಗುವುದಕ್ಕೆ ಅದೂ ಒಂದು ಕಾರಣ.

ಈ ಪರೀಕ್ಷೆಗೆ ಬೇಕಾದದ್ದು ಒಂದು ಆಡಿಯೋಮೀಟರ್ ಮಾತ್ರ, ದೊಡ್ಡ ಯಂತ್ರವೇನೂ ಅಲ್ಲ. ಅದು ಕೊಟ್ಟ ಅಂಕಿಯನ್ನು ನಂಬಬೇಕೋ ಬೇಡವೋ ಅಂತ ತೀರ್ಮಾನಿಸುವವರು ಬೇಕು. 2022ರ ಅಕ್ಟೋಬರ್‌ನಿಂದ ಇಲ್ಲಿ ದೊಡ್ಡವರಿಗೆ ಅಂಗಡಿಯಲ್ಲೇ ನೇರವಾಗಿ ಹಿಯರಿಂಗ್ ಏಡ್ ಸಿಗುತ್ತದೆ. ಅಲ್ಪಸ್ವಲ್ಪ ಮಂದ ಇರುವವರಿಗೆ ಅದು ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ಇಂಥವರು ಅಲ್ಲಿಗೆ ಹೋದರೆ, ಆ ಬಲಗಿವಿಗೆ ಎಷ್ಟು ಜೋರು ಮಾಡಿದರೂ ಸುಮ್ನೆ ದಂಡ ಅಲ್ವಾ?

ಫಲಿತಾಂಶ ಹೇಳಿದಾಗ ಅವರು ಅಳಲಿಲ್ಲ. "ಹಾಗಾದರೆ ಗದ್ದಲದಲ್ಲಿ ಯಾರು ಯಾವ ಕಡೆಯಿಂದ ಕರೆಯುತ್ತಿದ್ದಾರೆ ಅಂತ ಗೊತ್ತಾಗದೇ ಇರೋದು ನನ್ನ ದಡ್ಡತನ ಅಲ್ಲ?" ಅಂದರು. ಖಂಡಿತಾ ಅಲ್ಲ, ದಿಕ್ಕು ತಿಳಿಯಲು ಮಿದುಳಿಗೆ ಎರಡೂ ಕಿವಿ ಬೇಕು ಅಂದೆ. ಸೂಪರ್‌ವೈಸರ್ ಕ್ರಾಸ್ ಏಡ್ ತೋರಿಸಿದರು. ಬಲಗಡೆಯ ಮೈಕ್ ಹಿಡಿದ ಮಾತನ್ನು ಅದು ಎಡಗಿವಿಗೆ ಕಳಿಸುತ್ತದೆ. ದಿಕ್ಕು ತಿಳಿಸುವುದಿಲ್ಲ, ಆದರೆ ಬಲಗಡೆ ಕೂತವರ ಮಾತು ತಪ್ಪುವುದಿಲ್ಲ. ಮುಂದಿನ ವಾರ ಟ್ರಯಲ್‌ಗೆ ಬರುತ್ತಾರೆ.