ಅಲೆಯ ಎತ್ತರ ಊರಿಗೆ ಕೇಳಿಸಿದವರು

ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಅಂದರೆ ಹಸಿರು ಕ್ರಾಂತಿ, ಗಿಡ್ಡ ತಳಿಯ ಗೋಧಿ. ಶಾಲೆಯ ಪಾಠ ಅಲ್ಲಿಗೇ ಮುಗಿಯುತ್ತಿತ್ತು. 98 ವರ್ಷದ ಆ ಬದುಕಿನಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಅದರ ನಂತರದ ಭಾಗ. 1987ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂದಾಗ ಅವರಿಗೆ 62. ಆ ಹಣ ಹಾಕಿ ಮರುವರ್ಷ ಚೆನ್ನೈನಲ್ಲಿ ಸಂಶೋಧನಾ ಪ್ರತಿಷ್ಠಾನ ಕಟ್ಟಿದರು.

ಪುದುಚೇರಿಯ ಹಳ್ಳಿಗಳಲ್ಲಿ ಆ ಸಂಸ್ಥೆ ಮಾಹಿತಿ ಕೇಂದ್ರಗಳನ್ನು ತೆರೆಯಿತು. ವೀರಾಂಪಟ್ಟಣದ ಮೀನುಗಾರರಿಗೆ ಬೇಕಿದ್ದದ್ದು ಸಮುದ್ರದ ಸುದ್ದಿ. ಅಮೆರಿಕದ ನೌಕಾಪಡೆಯ ಜಾಲತಾಣದಿಂದ ಅಲೆಗಳ ಎತ್ತರ ತಿಳಿದುಕೊಂಡು, ತಮಿಳಿನಲ್ಲಿ ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತಿದ್ದರು. ಇಂಥದ್ದೇ ಕೇಂದ್ರವಿದ್ದ ನಲ್ಲವಾಡು ಗ್ರಾಮಕ್ಕೆ 2004ರ ಡಿಸೆಂಬರ್ 26ರಂದು, ಸಿಂಗಪುರದಲ್ಲಿದ್ದ ಊರಿನವರೊಬ್ಬರಿಂದ ಸುನಾಮಿಯ ಎಚ್ಚರಿಕೆಯ ಫೋನ್ ಬಂತು. ಅಲ್ಲಿನ ಕೇಂದ್ರದ ಧ್ವನಿವರ್ಧಕ ಮೊಳಗಿತು, ಜನ ಓಡಿ ಬದುಕಿಕೊಂಡರು. ವಿಜ್ಞಾನ ಜನರ ಕೈಗೆ ಸೇರುವುದೆಂದರೆ ಇದೇ ಅಲ್ಲವೇ!

ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಸಾಮೆ, ನವಣೆ ಬೆಳೆಯುವುದು ಕಡಿಮೆಯಾಗಿತ್ತು. ಒಂದು ದೊಡ್ಡ ಕಾರಣ ಒನಕೆ ಹಿಡಿದು ಕುಟ್ಟುವ ಹೆಂಗಸರ ದಣಿವು. ಪ್ರತಿಷ್ಠಾನ ಊರಿಗೇ ಯಂತ್ರ ತಂದು ಮಹಿಳಾ ಸಂಘಗಳಿಗೆ ಒಪ್ಪಿಸಿತು. ರಾಗಿ ಸೀಮೆಯವಳಾದ ನನಗೆ ಇದು ಬಹಳ ಹತ್ತಿರದ ಮಾತು.

ಅವರ ಅಧ್ಯಕ್ಷತೆಯ ರಾಷ್ಟ್ರೀಯ ರೈತ ಆಯೋಗ, ಬೆಂಬಲ ಬೆಲೆ ಉತ್ಪಾದನಾ ವೆಚ್ಚಕ್ಕಿಂತ ಕನಿಷ್ಠ ಶೇ. 50ರಷ್ಟು ಹೆಚ್ಚಿರಬೇಕು ಎಂದಿತು. 2023ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. 2024ರಲ್ಲಿ ಭಾರತ ರತ್ನ ಬಂತು. ಆಯೋಗ ಹೇಳಿದ ಆ ಉತ್ಪಾದನಾ ವೆಚ್ಚವನ್ನು ಹೇಗೆ ಲೆಕ್ಕ ಹಾಕಬೇಕೆಂದು ರೈತರು ಇನ್ನೂ ಬೀದಿಯಲ್ಲಿ ನಿಂತು ಕೇಳುತ್ತಿದ್ದಾರೆ.