ಊರಿಗೆ ಬಂದವರಿಗೆ ಜೊತೆಯಾಗುವ ಕೆಲಸ: ಎಲ್ಲಿಯವರೆಗೆ ಬಂತು?

ಹೋದ ಸಲ ಬರೆದಾಗ ನಮ್ಮ ಸ್ವಾಗತ ಬಳಗ ಇನ್ನೂ ಬ್ಯಾಡ್ಜ್ ಹೇಗಿರಬೇಕು ಅನ್ನುವ ಚರ್ಚೆಯಲ್ಲೇ ಇತ್ತು. ಈಗ ಬ್ಯಾಡ್ಜ್ ಬಂದಿದೆ, ಬಳಗದವರು ಸರದಿ ಪ್ರಕಾರ ಬಸ್ ನಿಲ್ದಾಣದ ಹತ್ತಿರ ನಿಲ್ಲುತ್ತಿದ್ದಾರೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಸಣ್ಣ ಊರಿನವರೇ ಬಿಡುವಿದ್ದಾಗ ಹೊಸಬರ ಜೊತೆ ನಡೆದು ಊರು ತೋರಿಸುವುದು, ಇಷ್ಟೇ ಈ ಯೋಜನೆ. ಇದು ನಮಗೇ ಹೊಳೆದದ್ದೇನಲ್ಲ. 1992ರಲ್ಲಿ ಲಿನ್ ಬ್ರೂಕ್ಸ್ ಅನ್ನುವವರು ನ್ಯೂಯಾರ್ಕಿನಲ್ಲಿ ‘ಬಿಗ್ ಆಪಲ್ ಗ್ರೀಟರ್’ ಶುರು ಮಾಡಿದರು. ಆಗ ಹೊರಗಿನವರಿಗೆ ಆ ನಗರ ಅಂದರೆ ಭಯ. ಅಲ್ಲೇ ಇರುವವರೊಬ್ಬರು ಜೊತೆಗೆ ನಡೆದರೆ ಆ ಭಯ ಹೋಗುತ್ತದೆ ಅನ್ನುವುದು ಅವರ ಲೆಕ್ಕ. ಆಮೇಲೆ ಎಷ್ಟೋ ದೇಶಗಳಿಗೆ ಈ ಪದ್ಧತಿ ಹಬ್ಬಿತು. ಅವರ ಎರಡು ನಿಯಮಗಳನ್ನು ಹಾಗೇ ಎತ್ತಿಕೊಂಡಿದ್ದೇವೆ: ಟಿಪ್ಸ್ ತೆಗೆದುಕೊಳ್ಳುವ ಹಾಗಿಲ್ಲ, ಒಂದು ಗುಂಪಿನಲ್ಲಿ ಆರು ಜನರಿಗಿಂತ ಜಾಸ್ತಿ ಇರುವ ಹಾಗಿಲ್ಲ. ಆರು ಜನ ದಾಟಿದರೆ ಮಾತುಕತೆ ಹೋಗಿ ಭಾಷಣ ಶುರುವಾಗುತ್ತದೆ.

ಬ್ಯಾಡ್ಜ್ ಬಗ್ಗೆ ಒಂದು ವಿಷಯ. ‘ನಮ್ಮೂರಿನ ರಾಯಭಾರಿ’ ಅಂತ ದೊಡ್ಡದಾಗಿ ಬರೆಸಬೇಕು ಅಂತ ಕೆಲವರ ಆಸೆ. ಆದರೆ ಮಾತಾಡಿಸಿದ ಕೂಡಲೇ ಬಂದವರು ಕೇಳುವ ಮೊದಲ ಪ್ರಶ್ನೆ ‘ಎಷ್ಟಾಗುತ್ತೆ?’ ಅನ್ನುವುದು. ಹಾಗಾಗಿ ‘ಉಚಿತ’ ಅನ್ನುವುದೇ ದೊಡ್ಡ ಅಕ್ಷರದಲ್ಲಿ ಬಂತು. ಅದರ ಕೆಳಗೆ ಆ ವ್ಯಕ್ತಿಗೆ ಬರುವ ಭಾಷೆಗಳು. ರಾಯಭಾರಿ ಪದಕ್ಕೆ ಜಾಗವೇ ಉಳಿಯಲಿಲ್ಲ. ಒಬ್ಬಿಬ್ಬರಿಗೆ ಇನ್ನೂ ಸ್ವಲ್ಪ ಬೇಜಾರಿದೆ.

ಈ ಸಲ ಜಾಸ್ತಿ ಹೊತ್ತು ಹೋಗಿದ್ದು ದಾರಿ ಹೇಳುವ ಅಭ್ಯಾಸಕ್ಕೆ. ಇದರಲ್ಲೇನಿದೆ ಕಲಿಯೋಕೆ ಅನಿಸಬಹುದು. ಒಂದು ಭಾನುವಾರ ಎಲ್ಲರೂ ಸೇರಿ ಒಬ್ಬರಿಗೊಬ್ಬರು ದಾರಿ ಹೇಳಿ ನೋಡಿದೆವು. ‘ಮುಂಚೆ ಟಾಕೀಸ್ ಇತ್ತಲ್ಲ, ಅಲ್ಲಿ ಎಡಕ್ಕೆ.’ ಆ ಟಾಕೀಸ್ ಕೆಡವಿ ಎಷ್ಟೋ ವರ್ಷವಾಯಿತು! ಇಲ್ಲದ ಕಟ್ಟಡವನ್ನು ಹೊಸಬರು ಹೇಗೆ ಹುಡುಕಬೇಕು? ಇನ್ನೊಂದು ಕಾಯಿಲೆ ‘ಇಲ್ಲೇ ಸ್ವಲ್ಪ ಮುಂದೆ’ ಅನ್ನುವುದು. ನಮಗೆ ಸ್ವಲ್ಪವಾದದ್ದು ಚೀಲ ಹೊತ್ತು, ಮಗುವಿನ ಕೈ ಹಿಡಿದು ಬಂದವರಿಗೆ ಸ್ವಲ್ಪವಲ್ಲ. ಈಗ ಎಷ್ಟು ನಿಮಿಷದ ನಡಿಗೆ, ಏರು ಇದೆಯಾ, ನೆರಳು ಇದೆಯಾ ಅಂತ ಹೇಳುತ್ತೇವೆ. ಗುರುತು ಹೇಳುವುದಾದರೆ ಇವತ್ತು ನಿಂತವರ ಕಣ್ಣಿಗೆ ಕಾಣುವಂಥದ್ದೇ ಆಗಬೇಕು. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಕೇಳಿ ಹೇಳುತ್ತೇನೆ’ ಅನ್ನಬೇಕು. ಕೊನೆಯದು ನಮ್ಮ ಹಿರಿಯ ಸದಸ್ಯರಿಗೆ ಬಹಳ ಕಷ್ಟವಾಯಿತು. ಸ್ವಂತ ಊರಿನ ಬಗ್ಗೆ ಗೊತ್ತಿಲ್ಲ ಅನ್ನೋದು ಹೇಗೆ, ಅಲ್ವಾ? ಆದರೆ ಊರನ್ನು ಹೊಗಳಿ ತಪ್ಪು ದಾರಿಗೆ ಕಳಿಸುವವರಿಗಿಂತ, ಹೊಗಳದೆ ಸರಿಯಾದ ಬಸ್ ಹತ್ತಿಸುವವರು ನನ್ನ ಲೆಕ್ಕದಲ್ಲಿ ದೊಡ್ಡ ರಾಯಭಾರಿಗಳು.

ನಕ್ಷೆಯ ಕೆಲಸವೂ ನಡೆಯುತ್ತಿದೆ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಆನ್‌ಲೈನ್ ನಕ್ಷೆಯನ್ನು ಯಾರು ಬೇಕಾದರೂ ಖಾತೆ ತೆರೆದು ತಿದ್ದಬಹುದು. ನೋಡುವ ಜಾಗಗಳು ಹೇಗಿದ್ದರೂ ಎಲ್ಲೋ ಒಂದು ಕಡೆ ಸಿಗುತ್ತವೆ. ಸಿಗದೇ ಇರುವುದು ಶೌಚಾಲಯ, ಕುಡಿಯುವ ನೀರಿನ ನಲ್ಲಿ, ಕೂರುವ ಬೆಂಚು. ಅದಕ್ಕೇ ಮೊದಲು ಅವನ್ನು ಸೇರಿಸುತ್ತಿದ್ದೇವೆ. ಶೌಚಾಲಯ ಎಷ್ಟು ಗಂಟೆಗೆ ಬೀಗ ಬೀಳುತ್ತದೆ ಅನ್ನುವುದೂ ಅದರಲ್ಲಿ ಸೇರಬೇಕು. ಅದನ್ನು ತಿಳಿಯಲು ಸಂಜೆ ಹೊತ್ತು ಸುಮ್ನೆ ಹೋಗಿ ನಿಲ್ಲುವುದು ಬಿಟ್ಟು ಬೇರೆ ಉಪಾಯವಿಲ್ಲ.

ಯೋಜನೆಯ ದಿಕ್ಕು ಸ್ವಲ್ಪ ಬದಲಾಗಿದೆ. ಹೊಸಬರು ಬ್ಯಾಡ್ಜ್ ಹಾಕಿದವರನ್ನು ಹುಡುಕಿಕೊಂಡು ಬರುವುದಿಲ್ಲ. ಅವರು ಮೊದಲು ಕೇಳುವುದು ಕಂಡಕ್ಟರನ್ನು, ಆಟೋದವರನ್ನು, ಔಷಧಿ ಅಂಗಡಿಯವರನ್ನು. ನಾವು ಹುಟ್ಟುವ ಮೊದಲೇ ಈ ಕೆಲಸ ಮಾಡುತ್ತಿದ್ದವರು ಇವರೇ. ಹಾಗಾಗಿ ಸದಸ್ಯರನ್ನು ಹೆಚ್ಚಿಸುವ ಬದಲು, ಬಸ್ ಸಮಯ ಮತ್ತು ಮುಖ್ಯ ಜಾಗಗಳು ಇರುವ ಒಂದು ಹಾಳೆಯನ್ನು ಇವರ ಕೈಗೆ ಕೊಡುತ್ತಿದ್ದೇವೆ. ಆಟೋದವರು ಹಾಳೆ ನೋಡಿದ ಕೂಡಲೇ ಎರಡು ಕಡೆ ತಿದ್ದಿಸಿದರು. ನಮಗಿಂತ ಅವರಿಗೆ ಊರು ಚೆನ್ನಾಗಿ ಗೊತ್ತು.

ಜಗಳ ಆಗಿದ್ದು ಒಂದೇ ವಿಷಯಕ್ಕೆ: ಉಳಿಯಲು ಯಾವ ಜಾಗ ಹೇಳಬೇಕು? ಒಬ್ಬರ ಭಾವನದೇ ಲಾಡ್ಜ್ ಇದೆ. ಚರ್ಚೆ ಸಾಕಷ್ಟು ಬಿಸಿಯಾಯಿತು. ಕೊನೆಗೆ ಹೀಗೆ ತೀರ್ಮಾನಿಸಿದೆವು: ಕನಿಷ್ಠ ಎರಡು ಹೆಸರು ಹೇಳಬೇಕು, ನಂಟಿದ್ದರೆ ಅದನ್ನು ಬಂದವರಿಗೆ ಮೊದಲೇ ತಿಳಿಸಬೇಕು, ಕಮಿಷನ್ ಮುಟ್ಟಿದರೆ ಬ್ಯಾಡ್ಜ್ ವಾಪಸ್. ಜೊತೆಗೆ, ಯಾರನ್ನೂ ಒಬ್ಬರೇ ಸುತ್ತಿಸಲು ಹೋಗಬಾರದು, ಇಬ್ಬರಿರಬೇಕು. ಬಂದವರ ಫೋಟೋ ಕೇಳದೆ ತೆಗೆಯಬಾರದು.

ಈಗ ಕೈಯಲ್ಲಿರುವ ದೊಡ್ಡ ಕೆಲಸ ತುರ್ತಿನ ಪಟ್ಟಿ. ಇದಕ್ಕೆ ನಮಗೆ ಮಾದರಿ ಕೆನಡಾದ ಗ್ಯಾಂಡರ್. 2001ರ ಸೆಪ್ಟೆಂಬರ್ 11ರಂದು ಅಮೆರಿಕ ವಿಮಾನ ಸಂಚಾರ ನಿಲ್ಲಿಸಿದಾಗ 38 ಪ್ರಯಾಣಿಕ ವಿಮಾನಗಳು ಅಲ್ಲಿ ಇಳಿದವು. ಸುಮಾರು 10 ಸಾವಿರ ಜನರಿರುವ ಊರಿಗೆ ಒಂದೇ ದಿನದಲ್ಲಿ ಆರೂವರೆ ಸಾವಿರಕ್ಕೂ ಜಾಸ್ತಿ ಜನ ಬಂದರು! ಮುಷ್ಕರ ಹೂಡಿದ್ದ ಶಾಲಾ ಬಸ್ ಚಾಲಕರು ಮುಷ್ಕರ ಬದಿಗಿಟ್ಟು ಜನರನ್ನು ಸಾಗಿಸಿದರು. ಶಾಲೆ, ಚರ್ಚ್, ಸಂಘಗಳ ಹಾಲ್‌ಗಳಲ್ಲಿ ಮಲಗಲು ವ್ಯವಸ್ಥೆಯಾಯಿತು. ನಮಗೆ ಅಷ್ಟು ದೊಡ್ಡದು ಬರಲಾರದು. ಕೊನೆಯ ಬಸ್ ತಪ್ಪಿದ ಒಂದು ಕುಟುಂಬ ಬಂದರೂ ಪ್ರಶ್ನೆ ಅದೇ ಅಲ್ವಾ: ವಾಹನ ಯಾರ ಹತ್ತಿರ ಇದೆ, ಹಾಲ್‌ನ ಬೀಗದ ಕೈ ಯಾರ ಮನೆಯಲ್ಲಿದೆ, ರಾತ್ರಿ ಯಾರಿಗೆ ಫೋನ್ ಮಾಡಬಹುದು? ಪಟ್ಟಿ ಅರ್ಧ ಆಗಿದೆ. ನಂಬರ್ ಕೊಟ್ಟವರಲ್ಲಿ ರಾತ್ರಿ ಫೋನ್ ಎತ್ತುವವರು ಯಾರು ಅನ್ನುವುದನ್ನು ಪರೀಕ್ಷಿಸಬೇಕು.

ಅದರ ಜೊತೆಗೆ ಗಾಲಿಕುರ್ಚಿಯ ದಾರಿ ಅಳೆಯಬೇಕು. ಒಂದು ಅಡ್ಡಿ ಆಗಲೇ ಕಂಡಿದೆ. ಸಾರ್ವಜನಿಕ ಗ್ರಂಥಾಲಯದ ಬಾಗಿಲಲ್ಲಿ 15 ಸೆಂಟಿಮೀಟರ್ ಎತ್ತರದ ಒಂದೇ ಒಂದು ಮೆಟ್ಟಿಲಿದೆ. ಒಂದಕ್ಕೆ ಹನ್ನೆರಡರ ಇಳಿಜಾರು, ಅಂದರೆ ಒಂದು ಸೆಂಟಿಮೀಟರ್ ಎತ್ತರಕ್ಕೆ ಹನ್ನೆರಡು ಸೆಂಟಿಮೀಟರ್ ಉದ್ದ, ಬೇಕು ಅಂದರೆ 180 ಸೆಂಟಿಮೀಟರ್ ಉದ್ದದ ರ‍್ಯಾಂಪ್ ಆಗುತ್ತದೆ. ಅಲ್ಲಿ ಅಷ್ಟು ಜಾಗವಿದೆ, ಸೈಕಲ್ ಸ್ಟ್ಯಾಂಡ್ ಪಕ್ಕಕ್ಕೆ ಸರಿಸಿದರೆ ಸಾಕು. ಮರದ ರ‍್ಯಾಂಪ್ ಮಾಡಿಕೊಡಲು ನಮ್ಮ ಬಳಗದ ಬಡಗಿಯೊಬ್ಬರು ಒಪ್ಪಿದ್ದಾರೆ. ಅನುಮತಿ ಕೇಳಿ ಪತ್ರ ಕೊಟ್ಟಾಗಿದೆ, ಉತ್ತರ ಇನ್ನೂ ಬರಬೇಕು.